ನ್ಯೂಕ್ಲಿಯಾ ಮತ್ತು ಗುಜರಾತಿನ ಅಬ್ಬರದ ನೃತ್ಯಸಂಗೀತ

ಉದ್ಯನ್ ಸಾಗರ್ (ಜನನ: 7 ಡಿಸೆಂಬರ್ 1979, ಆಗ್ರಾ) ಭಾರತದ ಎಲೆಕ್ಟ್ರಾನಿಕ್ ನೃತ್ಯಸಂಗೀತದ ಪ್ರಮುಖ ಡಿಜೆ ಮತ್ತು ಪ್ರೊಡ್ಯೂಸರ್. ‘ನ್ಯೂಕ್ಲಿಯಾ’ ಎಂಬುದು ಅವರ ರಂಗನಾಮ. ಬೆಳೆದದ್ದು ಅಹಮದಾಬಾದಿನಲ್ಲಿ. 1998ರಲ್ಲಿ ಮಯೂರ್ ನಾರ್ವೇಕರ್ ಮತ್ತು ಮೆಹಿರ್ ನಾಥ್ ಚೋಪ್ರಾ ಅವರೊಡನೆ ಸೇರಿ ಕಟ್ಟಿದ ‘ಬಂದಿಶ್ ಪ್ರಾಜೆಕ್ಟ್’ ತಂಡದಿಂದ ಅವರ ವೃತ್ತಿ ಶುರುವಾಯಿತು. ‘ಕೂಚಾ ಮಾನ್‌ಸ್ಟರ್’ (2013), ‘ಬೇಸ್ ರಾನಿ’ (2015), ‘ರಾಜಾ ಬಾಜಾ’ (2016) ಅವರಿಗೆ ದೇಶದಾದ್ಯಂತ ಹೆಸರು ತಂದ ಆಲ್ಬಮ್‌ಗಳು.

ಒಬ್ಬ ಕಲಾವಿದನ ಬಗೆಗಿನ ಲೇಖನಕ್ಕೆ ಇಡೀ ರಾಜ್ಯವನ್ನು ಎಳೆದು ತರುವುದು ವಿಶ್ವಕೋಶದ ರೂಢಿಯಲ್ಲ. ಇಲ್ಲಿ ಅದು ಅನಿವಾರ್ಯ. ಲಂಡನ್, ಆಮ್‌ಸ್ಟರ್‌ಡ್ಯಾಮ್, ಮುಂಬೈ ಅಥವಾ ಬೆಂಗಳೂರಿನಲ್ಲಿ ಡಿಜೆಯನ್ನು ಬೆಳೆಸುವುದು ನೈಟ್‌ಕ್ಲಬ್ಬು, ಕ್ಲಬ್ಬನ್ನು ಸಾಕುವುದು ಅಲ್ಲಿನ ಬಾರು. ಗುಜರಾತಿನಲ್ಲಿ ಬಾರೂ ಇಲ್ಲ, ನೈಟ್‌ಕ್ಲಬ್ಬೂ ಇಲ್ಲ. ಹಾಗಿದ್ದೂ ಇಡೀ ದೇಶದಲ್ಲಿ ಇಷ್ಟು ಜನ ಒಟ್ಟಿಗೆ, ಇಷ್ಟು ಹೊತ್ತು, ಇಷ್ಟು ಶಿಸ್ತಿನಿಂದ ಕುಣಿಯುವ ಊರುಗಳನ್ನು ಹುಡುಕಿದರೆ ವಡೋದರ, ಅಹಮದಾಬಾದ್, ಸೂರತ್‌ಗಳೇ ಮೊದಲು ಸಿಗುತ್ತವೆ. ಗರ್ಬಾ ಮೈದಾನ, ಮದುವೆಯ ಮೆರವಣಿಗೆ, ಸಂಕ್ರಾಂತಿಯ ತಾರಸಿ, ಗಣೇಶನ ಲಾರಿ ಇವೇ ಇಲ್ಲಿನ ಡಿಜೆಗೆ ರಂಗ. ನ್ಯೂಕ್ಲಿಯಾ ಸಂಗೀತ ಕೋಣೆಯೊಳಗಿನದಲ್ಲ, ಬೀದಿಯದು ಎಂದು ವಿಮರ್ಶಕರು ಹೇಳುತ್ತ ಬಂದಿದ್ದಾರೆ. ಆ ಬೀದಿ ಎಂಥದು ಎಂದು ನೋಡದೆ ಈ ಮಾತು ಪೂರ್ತಿ ಅರ್ಥವಾಗುವುದಿಲ್ಲ.

ಹಾರ್ಡ್ ಡ್ಯಾನ್ಸ್: ಕುಲ ಮತ್ತು ಲಕ್ಷಣ

ಅಬ್ಬರದ ನೃತ್ಯಸಂಗೀತ, ಅಂದರೆ ಹಾರ್ಡ್ ಡ್ಯಾನ್ಸ್, ಒಂದೇ ಶೈಲಿಯ ಹೆಸರಲ್ಲ. ಗ್ಯಾಬರ್, ಹಾರ್ಡ್‌ಕೋರ್, ಹಾರ್ಡ್‌ಸ್ಟೈಲ್ ಮೊದಲಾದವು ಸೇರಿದ ಒಂದು ಕುಲ. ಇದರ ತವರು ಯುರೋಪು. 1990ರ ದಶಕದ ಆರಂಭದಲ್ಲಿ ನೆದರ್ಲ್ಯಾಂಡ್ಸಿನ ಬಂದರು ನಗರ ರಾಟರ್‌ಡ್ಯಾಮ್‌ನಲ್ಲಿ ಗ್ಯಾಬರ್ ಬೆಳೆಯಿತು. ದಶಕ ಮುಗಿಯುವ ಹೊತ್ತಿಗೆ ಅದರಿಂದ, ಅದರ ಅಕ್ಕಪಕ್ಕದ ಶೈಲಿಗಳಿಂದ ಹಾರ್ಡ್‌ಸ್ಟೈಲ್ ಕವಲೊಡೆಯಿತು. 2003ರಲ್ಲಿ ಶುರುವಾದ ‘ಡೆಫ್‌ಕಾನ್.1’ ಈ ಕುಲದ ದೊಡ್ಡ ಜಾತ್ರೆ. ಸಾಮಾನ್ಯ ಹೌಸ್ ಸಂಗೀತದಲ್ಲಿ ನಿಮಿಷಕ್ಕೆ 120ರಿಂದ 130 ಬಡಿತಗಳಿದ್ದರೆ ಹಾರ್ಡ್‌ಸ್ಟೈಲ್‌ನಲ್ಲಿ 150ರ ಆಸುಪಾಸು. ಗ್ಯಾಬರ್ 160 ದಾಟಿ 200ರ ಕಡೆಗೆ ಓಡುತ್ತದೆ.

ವೇಗಕ್ಕಿಂತ ಮುಖ್ಯವಾದದ್ದು ಬಡಿತದ ಮೈಕಟ್ಟು. ಜಪಾನಿನ ರೋಲ್ಯಾಂಡ್ ಕಂಪನಿ 1983ರಲ್ಲಿ ಹೊರತಂದ ಟಿಆರ್-909 ಡ್ರಮ್ ಯಂತ್ರದ ‘ಕಿಕ್’ ನಿಜವಾದ ಚರ್ಮವಾದ್ಯದ ಧ್ವನಿಮುದ್ರಣವಲ್ಲ. ಮೇಲಿನ ಸ್ವರದಿಂದ ಕ್ಷಣಾರ್ಧದಲ್ಲಿ ತಳಕ್ಕೆ ಜಾರುವ ಒಂದು ವಿದ್ಯುತ್ ಅಲೆ ಅದು. ಅದನ್ನು ಆಂಪ್ಲಿಫೈಯರ್ ತಾಳಲಾರದಷ್ಟು ಜೋರಾಗಿ ಹಾಯಿಸಿದರೆ ಅಲೆಯ ನೆತ್ತಿ ಕತ್ತರಿಸಿಹೋಗಿ ಚೌಕವಾಗುತ್ತದೆ, ಮೂಲದಲ್ಲಿ ಇಲ್ಲದಿದ್ದ ಉಪಸ್ವರಗಳು ಹುಟ್ಟುತ್ತವೆ. ಧ್ವನಿ ಎಂಜಿನಿಯರರ ಲೆಕ್ಕದಲ್ಲಿ ಇದು ದೋಷ. ರಾಟರ್‌ಡ್ಯಾಮ್‌ನ ಹುಡುಗರು ಆ ದೋಷವನ್ನೇ ವಾದ್ಯ ಮಾಡಿಕೊಂಡರು. ಹೀಗೆ ಒಡೆದ ಕಿಕ್‌ಗೆ ನಿಶ್ಚಿತ ಶ್ರುತಿ ಬರುವುದರಿಂದ ತಾಳವೂ ಅದೇ, ತಳದ ರಾಗವೂ ಅದೇ ಆಗಬಲ್ಲದು. ಕೇಳುಗನಿಗೆ ಅದು ಕಿವಿಗಿಂತ ಮೊದಲು ಎದೆಗೂಡಿಗೆ ತಾಗುತ್ತದೆ.

ಕಟ್ಟುನಿಟ್ಟಾಗಿ ವಿಂಗಡಿಸುವವರು ನ್ಯೂಕ್ಲಿಯಾ ಅವರನ್ನು ಈ ಕುಲಕ್ಕೆ ಸೇರಿಸಲಾರರು. ಅವರದು ಡಬ್‌ಸ್ಟೆಪ್, ಟ್ರ್ಯಾಪ್‌ಗಳ ಬಳಗಕ್ಕೆ ಸೇರಿದ ‘ಬೇಸ್ ಸಂಗೀತ’. ಇಲ್ಲಿ ತಾಳ ಹಲವು ಸಲ ಅರ್ಧ ವೇಗಕ್ಕೆ ಇಳಿದು, ಬಡಿತಗಳ ನಡುವೆ ಜಾಗ ಬಿಡುತ್ತದೆ. ಆದರೆ ಧ್ವನಿಯ ಒತ್ತಡವನ್ನೇ ಸಂಗೀತದ ಮುಖ್ಯ ವಸ್ತುವಾಗಿ ಬಳಸುವ ವಿಷಯದಲ್ಲಿ ಇವು ದಾಯಾದಿಗಳು. ಭಾರತದ ಕೇಳುಗ ಇವುಗಳ ನಡುವಿನ ಗೋಡೆಯನ್ನು ಅಷ್ಟಾಗಿ ಲೆಕ್ಕಿಸಿಯೂ ಇಲ್ಲ.

ಅಹಮದಾಬಾದ್, 1969

ಗುಜರಾತಿನ ಎಲೆಕ್ಟ್ರಾನಿಕ್ ಸಂಗೀತದ ಕಥೆ ಡಿಜೆಗಳಿಗಿಂತ ಬಹಳ ಹಳೆಯದು. ಅದು ಶುರುವಾಗುವುದು ಜವಳಿ ಗಿರಣಿಗಳ ಒಡೆಯರಾಗಿದ್ದ ಸಾರಾಭಾಯಿ ಮನೆತನದಿಂದ. ಪಖವಾಜ್ ಕಲಿತಿದ್ದ ಗೀತಾ ಸಾರಾಭಾಯಿ (1922–2011) ಪಾಶ್ಚಾತ್ಯ ಸಂಗೀತವನ್ನು ಅರಿಯಲು 1946ರಲ್ಲಿ ನ್ಯೂಯಾರ್ಕ್‌ಗೆ ಹೋಗಿ ಜಾನ್ ಕೇಜ್ ಎಂಬ ತರುಣ ಸಂಯೋಜಕರನ್ನು ಕಂಡರು. ಕೇಜ್ ಶುಲ್ಕ ಕೇಳಲಿಲ್ಲ. ತಾನು ಕಲಿಸಿದ್ದಕ್ಕೆ ಪ್ರತಿಯಾಗಿ ಭಾರತೀಯ ಸಂಗೀತ ಕಲಿಸಿ ಎಂದರು. ಸಂಗೀತದ ಉದ್ದೇಶ ಮನಸ್ಸನ್ನು ಶಾಂತಗೊಳಿಸಿ ದೈವಿಕ ಪ್ರಭಾವಕ್ಕೆ ಅದನ್ನು ತೆರೆಯುವುದು ಎಂಬ, ತಮ್ಮ ಗುರುಗಳಿಂದ ಕೇಳಿದ್ದ ಮಾತನ್ನು ಗೀತಾ ಕೇಜ್‌ಗೆ ಹೇಳಿದರು. ಕೇಜ್ ಅದನ್ನು ಬದುಕಿನುದ್ದಕ್ಕೂ ಉಲ್ಲೇಖಿಸಿದರು. 1964ರಲ್ಲಿ ಮರ್ಸ್ ಕನಿಂಗ್‌ಹ್ಯಾಮ್ ನೃತ್ಯ ತಂಡದ ಜೊತೆ ಕೇಜ್ ಮತ್ತು ಪಿಯಾನೊ ವಾದಕ ಡೇವಿಡ್ ಟ್ಯೂಡರ್ ಅಹಮದಾಬಾದಿಗೆ ಬಂದಾಗ ಅವರನ್ನು ಬರಮಾಡಿಕೊಂಡದ್ದು ಇದೇ ಮನೆತನ.

1961ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯನ್ನು (ಎನ್‌ಐಡಿ) ಕಟ್ಟಿ ನಡೆಸುತ್ತಿದ್ದವರು ಗೀತಾ ಅವರ ಒಡಹುಟ್ಟಿದವರಾದ ಗೌತಮ್ ಮತ್ತು ಗೀರಾ. 1969ರಲ್ಲಿ ಡೇವಿಡ್ ಟ್ಯೂಡರ್ ಮತ್ತೆ ಬಂದು, ಸಾಬರಮತಿ ದಡದ ಈ ಸಂಸ್ಥೆಯಲ್ಲಿ ಒಂದು ಮೂಗ್ ಮಾಡ್ಯುಲರ್ ಸಿಂಥಸೈಜರ್ ಮತ್ತು ಟೇಪ್ ಯಂತ್ರಗಳನ್ನು ಜೋಡಿಸಿಕೊಟ್ಟರು. ಭಾರತದ ಮೊದಲ ಎಲೆಕ್ಟ್ರಾನಿಕ್ ಸಂಗೀತ ಸ್ಟುಡಿಯೊ ಇದು. ಮೂಗ್‌ನಲ್ಲಿ ಸಿದ್ಧ ಧ್ವನಿ ಒಂದೂ ಇರಲಿಲ್ಲ. ಆಂದೋಲಕ, ಫಿಲ್ಟರ್, ಆಂಪ್ಲಿಫೈಯರ್‌ಗಳನ್ನು ತಂತಿಗಳಿಂದ ಒಂದಕ್ಕೊಂದು ಸಿಕ್ಕಿಸಿ ಪ್ರತಿ ಧ್ವನಿಯನ್ನೂ ಹೊಸದಾಗಿ ಕಟ್ಟಬೇಕಿತ್ತು. ತಂತಿ ಕಿತ್ತರೆ ಆ ಧ್ವನಿಯೂ ಹೋಯಿತು, ಉಳಿಯುವುದು ಟೇಪಿನಲ್ಲಿ ಮಾತ್ರ.

ಈ ಕೋಣೆಯಲ್ಲಿ ಮೂರು ವರ್ಷ ಕೆಲಸ ಮಾಡಿದವರಲ್ಲಿ ಗೀತಾ ಸಾರಾಭಾಯಿ, ಐ.ಎಸ್. ಮಾಥುರ್, ಅತುಲ್ ದೇಸಾಯಿ, ಎಸ್.ಸಿ. ಶರ್ಮಾ ಮತ್ತು ಜಿನ್‌ರಾಜ್ ಜೋಶಿಪುರಾ ಮುಖ್ಯರು. ಶಾಸ್ತ್ರೀಯ ಸಂಗೀತದಿಂದ ಬಂದವರೂ ಇದ್ದರು, ವಿನ್ಯಾಸ ಕಲಿಯುತ್ತಿದ್ದವರೂ ಇದ್ದರು. ಬಾಹ್ಯಾಕಾಶ ಯಾನದ ಕನಸು, ತಾನ್‌ಪುರದ ನಾದ, ಹಕ್ಕಿಯ ದನಿ ಎಲ್ಲವೂ ಅವರ ಟೇಪುಗಳಲ್ಲಿವೆ. ನಮ್ಮ ವಿಷಯಕ್ಕೆ ಹೆಚ್ಚು ಬೇಕಾದವು ಎಸ್.ಸಿ. ಶರ್ಮಾ ಅವರವು. ಸರಳ ಲಯವೊಂದನ್ನು ಯಂತ್ರದಿಂದ ಮತ್ತೆ ಮತ್ತೆ ನುಡಿಸಿ ಮಾಡಿದ ಆ ತುಣುಕುಗಳಿಗೆ ಅವರು ಇಟ್ಟ ಹೆಸರು ‘ಡ್ಯಾನ್ಸ್ ಮ್ಯೂಸಿಕ್’. ಷಿಕಾಗೊದಲ್ಲಿ ಹೌಸ್ ಸಂಗೀತ ಹುಟ್ಟುವುದಕ್ಕೆ ಇನ್ನೂ ಹತ್ತು ವರ್ಷವಿತ್ತು. ಇದನ್ನು ಟೆಕ್ನೊದ ಮೂಲ ಎಂದು ಕೊಂಡಾಡಿದವರಿದ್ದಾರೆ, ಅದು ಅತಿಯಾಯಿತು. ಯಾರೂ ಕೇಳದೆ ಬೀರುವಿನಲ್ಲಿ ಕುಳಿತ ಟೇಪು ಯಾವುದಕ್ಕೂ ಮೂಲವಾಗಲಾರದು. ಯಂತ್ರದಿಂದ ಕುಣಿತದ ಲಯ ಹೊರಡಿಸುವ ಆಸೆ ಅಹಮದಾಬಾದಿನಲ್ಲಿ ಯಾರ ಅನುಕರಣೆಯೂ ಇಲ್ಲದೆ ಹುಟ್ಟಿತ್ತು ಎಂಬುದಕ್ಕೆ ಅದು ಸಾಕ್ಷಿ, ಅಷ್ಟು ಸಾಕು.

ಸ್ಟುಡಿಯೊ 1970ರ ದಶಕದ ಮೊದಲ ವರ್ಷಗಳಲ್ಲೇ ಮುಚ್ಚಿತು. ಲಂಡನ್ನಿನ ಕಲಾವಿದ ಪಾಲ್ ಪರ್ಗಾಸ್ 2017ರಲ್ಲಿ ಎನ್‌ಐಡಿಯ ಸಂಗ್ರಹದಲ್ಲಿ 27 ರೀಲುಗಳನ್ನು ಕಂಡು, ಅವುಗಳ ಸಂರಕ್ಷಣೆಗೆ ಮುಂದಾದರು. ಬಿಬಿಸಿ ರೇಡಿಯೊ 3ರಲ್ಲಿ 2020ರಲ್ಲಿ ಕಾರ್ಯಕ್ರಮವಾಯಿತು. 2023ರಲ್ಲಿ ‘ದಿ ಎನ್‌ಐಡಿ ಟೇಪ್ಸ್’ ಎಂಬ ಆಲ್ಬಮ್ ಬಂತು. ಅಂದರೆ ನ್ಯೂಕ್ಲಿಯಾ ಅಹಮದಾಬಾದಿನಲ್ಲಿ ಬೆಳೆದು, ತಂಡ ಕಟ್ಟಿ, ಊರು ಬಿಟ್ಟು, ಹೆಸರು ಮಾಡುವವರೆಗೂ ಆ ಊರಿನ ಮೊದಲ ಎಲೆಕ್ಟ್ರಾನಿಕ್ ಸಂಗೀತ ಹೊರಜಗತ್ತಿಗೆ ಕೇಳಿಸಿರಲಿಲ್ಲ.

ಕೀಬೋರ್ಡಿನ ಇನ್ನೊಂದು ದಾರಿ

ಎನ್‌ಐಡಿಯ ಪ್ರಯೋಗ ಗೋಡೆಯೊಳಗೆ ಉಳಿದರೆ, ಗುಜರಾತಿಗಳ ಇನ್ನೊಂದು ಎಲೆಕ್ಟ್ರಾನಿಕ್ ಪರಂಪರೆ ಮುಂಬೈನ ಸಿನಿಮಾ ಮೂಲಕ ಮನೆಮನೆಗೆ ಹೋಯಿತು. ‘ನಾಗಿನ್’ (1954) ಚಿತ್ರದ ಪುಂಗಿಯ ನಾದ ಪುಂಗಿಯದಲ್ಲ. ಕಚ್ಛ್ ಮೂಲದ ಕಲ್ಯಾಣ್‌ಜಿ ವೀರ್‌ಜಿ ಶಾ ಕ್ಲಾವಿಯೊಲಿನ್ ಎಂಬ ಎಲೆಕ್ಟ್ರಾನಿಕ್ ಕೀಬೋರ್ಡಿನಲ್ಲಿ ಅದನ್ನು ನುಡಿಸಿದ್ದರು. ಆರ್ಕೆಸ್ಟ್ರಾ ನಡೆಸುತ್ತಿದ್ದ ಅವರ ತಮ್ಮ ಬಾಬ್ಲಾ 1980ರ ದಶಕದಲ್ಲಿ ದಾಂಡಿಯಾಕ್ಕೆ ಡಿಸ್ಕೊ ಬೀಟು, ಸಿಂಥಸೈಜರ್ ಸೇರಿಸಿದ ‘ಡಿಸ್ಕೊ ದಾಂಡಿಯಾ’ ಕ್ಯಾಸೆಟ್ಟುಗಳನ್ನು ತಂದರು. ನವರಾತ್ರಿಯ ಪೆಂಡಾಲುಗಳಲ್ಲಿ ಡ್ರಮ್ ಯಂತ್ರಕ್ಕೆ ಜಾಗ ಸಿಕ್ಕಿದ್ದು ಇಂಥ ಕ್ಯಾಸೆಟ್ಟುಗಳಿಂದ. ಅದೇ ದಶಕದ 1982ರಲ್ಲಿ ಮುಂಬೈನ ವಾದಕ ಚರಣ್‌ಜಿತ್ ಸಿಂಗ್ ರೋಲ್ಯಾಂಡ್ ಯಂತ್ರಗಳ ಮೇಲೆ ಹತ್ತು ರಾಗಗಳನ್ನು ಡಿಸ್ಕೊ ಬೀಟಿಗೆ ಕೂಡಿಸಿದ ತಟ್ಟೆ ಹೊರತಂದರು. ಅದು ಮಾರಾಟವಾಗಲಿಲ್ಲ. 2010ರಲ್ಲಿ ಮರುಬಿಡುಗಡೆಯಾದಾಗ ಆಸಿಡ್ ಹೌಸ್‌ಗೆ ಐದು ವರ್ಷ ಮೊದಲೇ ಅದರ ಧ್ವನಿ ಇಲ್ಲಿತ್ತಲ್ಲ ಎಂದು ಯುರೋಪು ಬೆರಗಾಯಿತು. ಕ್ಯಾಸೆಟ್ಟಿನ ದಾಂಡಿಯಾವನ್ನು ಬೆರಗಿನಿಂದ ಕೇಳಲು ಯಾವ ಯುರೋಪಿಯನ್ನನೂ ಬರಲಿಲ್ಲ. ಆದರೆ ಲಕ್ಷಾಂತರ ಜನ ಕುಣಿದದ್ದು ಅದಕ್ಕೇ.

ಗರ್ಬಾ ಮೈದಾನ

ಗರ್ಬಾ ದೇವಿಯ ಸುತ್ತ ಸುತ್ತುವ ಕುಣಿತ. ನಡುವೆ ತೂತುಗಳುಳ್ಳ ಮಣ್ಣಿನ ಮಡಕೆಯೊಳಗೆ ದೀಪ, ಸುತ್ತ ವೃತ್ತದಲ್ಲಿ ಜನ. ಎರಡು ಚಪ್ಪಾಳೆಯ ‘ಬೇ ತಾಳಿ’, ಮೂರು ಚಪ್ಪಾಳೆಯ ‘ತ್ರಣ ತಾಳಿ’ ಮೂಲ ಹೆಜ್ಜೆಗಳು. ‘ದೋಢಿಯು’ ಮೊದಲಾದವು ಅದರ ಬೆಳವಣಿಗೆ. ಆರು ಮಾತ್ರೆಯ ‘ಹೀಂಚ್’ ಇದರ ಜೀವ ತಾಳ. ಉತ್ತರ ಗುಜರಾತಿನ ‘ಸನೇಡೊ’ವನ್ನು ಜಾನಪದ ಗಾಯಕ ಮಣಿರಾಜ್ ಬಾರೋಟ್ ಜನಪ್ರಿಯಗೊಳಿಸಿದ ಮೇಲೆ ಅದಿಲ್ಲದೆ ರಾತ್ರಿ ಮುಗಿಯುವುದಿಲ್ಲ. ಯುನೆಸ್ಕೊ 2023ರ ಡಿಸೆಂಬರಿನಲ್ಲಿ ಗುಜರಾತಿನ ಗರ್ಬಾವನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು.

ಡಿಜೆ ಕಲೆಯ ಕಣ್ಣಿನಿಂದ ನೋಡಿದರೆ ಗರ್ಬಾದ ರಾತ್ರಿಯ ಕಟ್ಟೋಣ ಬಹಳ ಪರಿಚಿತ ಎನಿಸುತ್ತದೆ. ಹಾಡುಗಳ ನಡುವೆ ನಿಲುಗಡೆ ಇಲ್ಲ. ಒಂದು ಹಾಡಿನ ಲಯದೊಳಗೇ ಇನ್ನೊಂದು ಶುರುವಾಗಬೇಕು, ಕುಣಿಯುವವರ ಹೆಜ್ಜೆ ತಪ್ಪಬಾರದು. ವಿಳಂಬದಿಂದ ಆರಂಭಿಸಿ ಗಂಟೆ ಕಳೆದಂತೆ ವೇಗ ಏರಿಸಿ, ಮೈ ಬಸವಳಿಯುವ ಹೊತ್ತಿಗೆ ಸ್ವಲ್ಪ ಇಳಿಸಿ, ಮತ್ತೆ ಕೊನೆಯ ಓಟಕ್ಕೆ ಬಿಡಬೇಕು. ಯುರೋಪಿನ ಡಿಜೆ ಎರಡು ತಿರುಗುತಟ್ಟೆಗಳ ಮೇಲೆ ಕಲಿತ ವಿದ್ಯೆಯನ್ನು ಗರ್ಬಾದ ಗಾಯಕ ಮತ್ತು ಢೋಲ್ ವಾದಕರು ತಟ್ಟೆಯಿಲ್ಲದೆಯೇ ಕಲಿತಿದ್ದರು. ಈಗಿನ ಮೇಳಗಳಲ್ಲಿ ಢೋಲ್ ಪಕ್ಕದಲ್ಲೇ ಆಕ್ಟೊಪ್ಯಾಡ್ ನಿಂತಿರುತ್ತದೆ. ಕೋಲಿನಿಂದ ಬಡಿದರೆ ಎಂಟು ಪಟ್ಟಿಗಳಿಂದ ಎಂಟು ಬಗೆಯ ಸದ್ದು ಹೊರಡಿಸುವ ಈ ಯಂತ್ರವನ್ನು ರೋಲ್ಯಾಂಡ್ 1980ರ ದಶಕದ ಮಧ್ಯದಲ್ಲಿ ತಂದಿತು. ಭಾರತದ ಆರ್ಕೆಸ್ಟ್ರಾಗಳು, ಮುಖ್ಯವಾಗಿ ಗರ್ಬಾ ಮೇಳಗಳು, ಅದನ್ನು ತಮ್ಮದಾಗಿಸಿಕೊಂಡವು.

ಮೂರು ನಗರಗಳ ಗರ್ಬಾ ಒಂದೇ ಅಲ್ಲ. ವಡೋದರದಲ್ಲಿ ಗಾಯಕನಿಗೇ ಪಟ್ಟ. ಯುನೈಟೆಡ್ ವೇ ಆಫ್ ಬರೋಡಾದ ಮೈದಾನದಲ್ಲಿ ಅತುಲ್ ಪುರೋಹಿತ್ ಹಾಡುವಾಗ ಹತ್ತಾರು ಸಾವಿರ ಜನ ಬರಿಗಾಲಲ್ಲಿ, ವೃತ್ತದೊಳಗೆ ವೃತ್ತವಾಗಿ ಸುತ್ತುತ್ತಾರೆ. ಸಂಗೀತ ಎಂದರೆ ಕಲಿತು ಹಾಡುವುದು ಎಂಬ ಗತ್ತು ಈ ಊರಿನದು. ಮಹಾರಾಜ ಮೂರನೇ ಸಯಾಜಿರಾವ್ 1886ರಲ್ಲಿ ಇಲ್ಲಿ ಗಾಯನಶಾಲೆ ತೆರೆದರು. ಅದನ್ನು ನಡೆಸಿದ ಮೌಲಾ ಬಕ್ಷ್ ಮೈಸೂರಿನ ಆಸ್ಥಾನದಲ್ಲಿ ಮನ್ನಣೆ ಪಡೆದು, ಕರ್ನಾಟಕ ಸಂಗೀತದ ಪರಿಚಯ ಮಾಡಿಕೊಂಡು ಬಂದವರು. ಆ ಶಾಲೆ ಇಂದು ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾಲಯದ ಪ್ರದರ್ಶನ ಕಲೆಗಳ ವಿಭಾಗ. ಧ್ವನಿಮುದ್ರಿತ ಸಂಗೀತ ಹಾಕಿ ಗರ್ಬಾ ಆಡಿಸುವುದು ವಡೋದರದ ಹಿರಿಯರಿಗೆ ಇಂದಿಗೂ ಅಗ್ಗದ ಕೆಲಸ.

ಅಹಮದಾಬಾದಿನಲ್ಲಿ ಪೋಳ ಎಂಬ ಹಳೆಯ ಓಣಿಗಳ ‘ಶೇರಿ ಗರ್ಬಾ’ ಒಂದು ಕಡೆ, ಎಸ್‌.ಜಿ. ಹೆದ್ದಾರಿಯ ಕ್ಲಬ್ಬುಗಳು ಮತ್ತು ಪಾರ್ಟಿ ಪ್ಲಾಟುಗಳು ಇನ್ನೊಂದು ಕಡೆ. ಈ ಎರಡನೆಯ ಜಾಗದಲ್ಲೇ ಡಿಜೆ ಒಳಬಂದದ್ದು. ಆರತಿಯಾಗಿ ಗಾಯಕರ ಸರದಿ ಮುಗಿದ ಮೇಲೆ ರೀಮಿಕ್ಸ್‌ಗಳ ಸರದಿ. ಸೂರತ್ ಮಳೆಗೂ ಸೆಕೆಗೂ ಅಂಜಿ ಗರ್ಬಾವನ್ನು ಹವಾನಿಯಂತ್ರಿತ ಗುಮ್ಮಟಗಳೊಳಗೆ ತಂದಿದೆ. ಸರಸಾಣದ ಪ್ರದರ್ಶನ ಕೇಂದ್ರ ಅಂಥದು. ಛಾವಣಿ ಬಂದಾಗ ಬೇಸ್‌ನ ಲೆಕ್ಕಾಚಾರವೂ ಬದಲಾಯಿತು. ಬಯಲಿನಲ್ಲಿ ಹರಡಿ ಹೋಗುತ್ತಿದ್ದ ತಳದ ಸ್ವರ ಗುಮ್ಮಟದೊಳಗೆ ತಿರುಗಿ ಬಂದು ಗುಂಯ್‌ಗುಡುತ್ತದೆ. ಅದನ್ನು ಹಿಡಿತದಲ್ಲಿಡುವುದು ಧ್ವನಿ ನಿರ್ವಾಹಕನ ಕೈಚಳಕ.

ಪಾನನಿಷೇಧದ ಅರ್ಥಶಾಸ್ತ್ರ

1949ರ ಬಾಂಬೆ ಪಾನನಿಷೇಧ ಕಾಯಿದೆಯನ್ನು 1960ರ ಮೇ 1ರಂದು ಹುಟ್ಟಿದ ಗುಜರಾತ್ ಹಾಗೆಯೇ ಉಳಿಸಿಕೊಂಡಿತು. ಜೊತೆಯಲ್ಲೇ ಹುಟ್ಟಿದ ಮಹಾರಾಷ್ಟ್ರ ಅದನ್ನು ಸಡಿಲಿಸಿತು. ಒಂದು ನೈಟ್‌ಕ್ಲಬ್ ಡಿಜೆಗೆ ಕೊಡುವ ಸಂಭಾವನೆ ಸಂಗೀತದಿಂದ ಬರುವುದಿಲ್ಲ, ಮದ್ಯದ ಲಾಭದಿಂದ ಬರುತ್ತದೆ. ಆ ಲಾಭವಿಲ್ಲದ ಕಡೆ ವಾರವಾರವೂ ಒಂದೇ ಜಾಗದಲ್ಲಿ ನುಡಿಸಿ, ಸಣ್ಣ ಗುಂಪಿನ ಮುಂದೆ ತಪ್ಪು ಮಾಡಿ, ತಿದ್ದಿಕೊಂಡು ಬೆಳೆಯುವ ಅವಕಾಶ ಡಿಜೆಗೆ ಸಿಗುವುದಿಲ್ಲ. ಗ್ಯಾಬರ್‌ನಂಥ ಗಡಸು ಶೈಲಿಗಳು ಬೆಳೆದದ್ದು ನೂರಿನ್ನೂರು ಹುಚ್ಚರು ಸೇರುವ ಸಣ್ಣ ಕೋಣೆಗಳಲ್ಲಿ. ಅಂಥ ಕೋಣೆ ಅಹಮದಾಬಾದಿನಲ್ಲಿ ಇರಲಿಲ್ಲ. ತೋಟದಮನೆಯ ಪಾರ್ಟಿ, ಕಾಲೇಜು ಉತ್ಸವ, ಡಿಸೆಂಬರ್ 31ರ ತಂಪುಪಾನೀಯದ ಕುಣಿತ, ಬಾಕಿ ಪೂರಾ ಮದುವೆ.

ಇದರ ಪರಿಣಾಮ ಎರಡು ತೆರನಾದದ್ದು. ಪ್ರಯೋಗಶೀಲರು ಊರು ಬಿಟ್ಟರು. ಉಳಿದವರು ಎಲ್ಲ ವಯಸ್ಸಿನವರನ್ನೂ ಕುಣಿಸುವ ವಿದ್ಯೆಯಲ್ಲಿ ಪಳಗಿದರು. ಅಜ್ಜಿ, ಮದುಮಗಳು, ಹತ್ತು ವರ್ಷದ ಹುಡುಗ ಒಂದೇ ಅಂಗಳದಲ್ಲಿರುವಾಗ ಯಾವ ಹಾಡಿನ ಮೇಲೆ ಯಾವ ಬೀಟು ಕೂರಿಸಬೇಕು ಎಂಬುದನ್ನು ಯುರೋಪಿನ ಯಾವ ಕ್ಲಬ್ಬೂ ಕಲಿಸುವುದಿಲ್ಲ. 2023ರ ಕೊನೆಯಲ್ಲಿ ಗಾಂಧಿನಗರದ ಗಿಫ್ಟ್ ಸಿಟಿಗೆ ಮಾತ್ರ ಮದ್ಯದ ವಿನಾಯಿತಿ ಸಿಕ್ಕಿತು. ಉಳಿದ ರಾಜ್ಯಕ್ಕೆ ಇಲ್ಲ.

ಅಹಮದಾಬಾದಿನಲ್ಲಿ ಇನ್ನೊಂದು ರಂಗವಿದೆ, ಉತ್ತರಾಯಣ. ಜನವರಿ 14ರಂದು ಇಡೀ ಊರು ಗಾಳಿಪಟದೊಂದಿಗೆ ತಾರಸಿ ಏರುತ್ತದೆ, ಜೊತೆಗೆ ಸ್ಪೀಕರುಗಳೂ ಏರುತ್ತವೆ. ಒತ್ತೊತ್ತಾಗಿ ನಿಂತ ಪೋಳದ ಮನೆಗಳಲ್ಲಿ ಪ್ರತಿ ತಾರಸಿಯೂ ಪಕ್ಕದ ತಾರಸಿಯ ಹಾಡನ್ನು ಮುಚ್ಚಲು ಹಟಕ್ಕೆ ಬೀಳುತ್ತದೆ. ಬೇರೆ ಬೇರೆ ವೇಗದ ಬೀಟುಗಳು ಒಂದರ ಮೇಲೊಂದು ಬೀಳುವ ಈ ಗದ್ದಲದಲ್ಲಿ ಒಂದು ದಿನ ಕಳೆದವರಿಗೆ ನ್ಯೂಕ್ಲಿಯಾ ಅವರ ಹಾಡುಗಳ ಕಿಕ್ಕಿರಿದ ನೇಯ್ಗೆ ಹೊಸದೆನಿಸುವುದಿಲ್ಲ.

ಬಂದಿಶ್‌ನಿಂದ ಬೇಸ್ ರಾನಿಯವರೆಗೆ

ಬಂದಿಶ್ ಪ್ರಾಜೆಕ್ಟ್ ಹುಟ್ಟಿದ 1998 ಒಂದು ತಿರುವಿನ ಕಾಲ. ಲಂಡನ್ನಿನಲ್ಲಿ ತಬಲಾ ವಾದಕ ತಲ್ವಿನ್ ಸಿಂಗ್ ಮತ್ತು ಸಂಗಡಿಗರು ಕಟ್ಟಿದ ‘ಏಷ್ಯನ್ ಅಂಡರ್‌ಗ್ರೌಂಡ್’ ಅಲೆ ಎತ್ತರದಲ್ಲಿತ್ತು. ದೆಹಲಿಯಲ್ಲಿ ಮಿಡೈವಲ್ ಪಂಡಿಟ್ಜ್ ಆಗಷ್ಟೇ ಶುರುವಾಗಿತ್ತು. ದುಬಾರಿ ಯಂತ್ರಗಳಿಲ್ಲದೆ ಮನೆಯ ಕಂಪ್ಯೂಟರಿನಲ್ಲೇ ಬೀಟು ಕಟ್ಟುವ ಫ್ರೂಟಿಲೂಪ್ಸ್‌ನಂಥ ತಂತ್ರಾಂಶಗಳು ಬಂದಿದ್ದವು. ಮೂಗ್ ತರಿಸಲು ಸಾರಾಭಾಯಿಯವರಂಥ ಮನೆತನದ ಬೆಂಬಲ ಬೇಕಿತ್ತು. ಈಗ ಒಂದು ಸಿಡಿ ಸಾಕಾಯಿತು. ಬಂದಿಶ್ ತಂಡ ಶಾಸ್ತ್ರೀಯ ಮತ್ತು ಜಾನಪದ ದನಿಗಳನ್ನು ಡ್ರಮ್ ಅಂಡ್ ಬೇಸ್‌ನಂಥ ಲಯಗಳಿಗೆ ಕೂಡಿಸಿತು. ಕೆಲವು ವರ್ಷಗಳ ಬಳಿಕ ಉದ್ಯನ್ ತಂಡದಿಂದ ಹೊರಬಂದರು. ತಬಲಾ ಬಲ್ಲ ಮಯೂರ್ ನಾರ್ವೇಕರ್ ಅದೇ ಹೆಸರನ್ನು ಮುಂದುವರಿಸಿದರು.

2010ರ ‘ಹಾರ್ನ್ ಓಕೆ ಪ್ಲೀಸ್’ ನ್ಯೂಕ್ಲಿಯಾ ಹೆಸರಿನ ಆರಂಭದ ಕೃತಿಗಳಲ್ಲೊಂದು. ಹೆಸರೇ ಲಾರಿಯ ಹಿಂಬದಿಯದು. 2013ರ ‘ಕೂಚಾ ಮಾನ್‌ಸ್ಟರ್’ನಲ್ಲಿ ಅವರ ಕೈ ಗುರುತು ಸ್ಪಷ್ಟವಾಯಿತು. ‘ಕೂಚಾ’ ಎಂದರೆ ಓಣಿ. ‘ಅಕ್ಕಡ್ ಬಕ್ಕಡ್’ ಹಾಡು ಉತ್ತರ ಭಾರತದ ಮಕ್ಕಳ ಎಣಿಕೆಯಾಟದ ಪದವನ್ನು ಎತ್ತಿಕೊಂಡು ಅದರ ಕೆಳಗೆ ನೆಲ ನಡುಗುವ ಬೇಸ್ ಇಡುತ್ತದೆ. ಏಷ್ಯನ್ ಅಂಡರ್‌ಗ್ರೌಂಡ್‌ನವರು ಭಾರತದಿಂದ ಆಯ್ದುಕೊಂಡದ್ದು ಹೆಚ್ಚಾಗಿ ತಬಲಾ, ಸಿತಾರ್, ಆಲಾಪ. ವಿದೇಶದ ಕಿವಿಗೆ ಭಾರತ ಎಂದು ತಕ್ಷಣ ಗೊತ್ತಾಗುವಂಥವು. ನ್ಯೂಕ್ಲಿಯಾ ಆಯ್ದದ್ದು ಮದುವೆಯ ಬ್ಯಾಂಡು, ಮೆರವಣಿಗೆಯ ಢೋಲು, ತಮಿಳುನಾಡಿನ ಕುತ್ತು, ಬೀದಿಯ ಕೂಗು. ಇಲ್ಲಿಯವರು ಸಂಗೀತ ಎಂದು ಒಪ್ಪಲು ಹಿಂಜರಿಯುತ್ತಿದ್ದ ಸದ್ದುಗಳು. ಅವರ ನಿಜವಾದ ಸಾಧನೆ ಈ ಆಯ್ಕೆಯಲ್ಲಿದೆ. ತಾಂತ್ರಿಕ ನೈಪುಣ್ಯದಲ್ಲಿ ಅವರಿಗೆ ಸರಿಸಾಟಿಯಾದವರು ದೇಶದಲ್ಲಿ ಆಗಲೂ ಇದ್ದರು.

2015ರ ‘ಬೇಸ್ ರಾನಿ’ ಅವರನ್ನು ಮನೆಮಾತಾಗಿಸಿತು. ಪಂಜಾಬಿ ಜಾನಪದದ ‘ಲೌಂಗ್ ಗವಾಚಾ’, ಶ್ರುತಿ ಪಾಠಕ್ ಹಾಡಿದ ‘ಹೀರ್’, ಆಗಿನ್ನೂ ಮುಂಬೈ ಹೊರಗೆ ಅಷ್ಟು ಹೆಸರಾಗದಿದ್ದ ರ‍್ಯಾಪ್ ಗಾಯಕ ಡಿವೈನ್ ಜೊತೆಗಿನ ‘ಜಂಗಲ್ ರಾಜಾ’ ಇದರಲ್ಲಿವೆ. ಮರುವರ್ಷ ಸೆಪ್ಟೆಂಬರಿನಲ್ಲಿ ‘ರಾಜಾ ಬಾಜಾ’ವನ್ನು ಮುಂಬೈನ ಎನ್‌ಎಸ್‌ಸಿಐ ಗುಮ್ಮಟದಲ್ಲಿ ಸಾವಿರಾರು ಜನರ ಎದುರು ಬಿಡುಗಡೆ ಮಾಡಿದರು. ಸಿನಿಮಾದ ಬೆಂಬಲವಿಲ್ಲದ ಎಲೆಕ್ಟ್ರಾನಿಕ್ ಆಲ್ಬಮ್‌ಗೆ ಅಂಥ ಸಭಾಂಗಣ ತುಂಬುವುದು ಆಗ ಅಪರೂಪ. ಸಿನಿಮಾ ಬೆನ್ನಟ್ಟಿ ಬಂತು. ‘ಕಪೂರ್ ಅಂಡ್ ಸನ್ಸ್’ (2016) ಚಿತ್ರದ ‘ಲೆಟ್ಸ್ ನಾಚೊ’, ಅನುರಾಗ್ ಕಶ್ಯಪ್ ಅವರ ‘ಮುಕ್ಕಾಬಾಜ್’ (2018) ಚಿತ್ರದ ‘ಪೈಂತ್ರಾ’ ಅವರವು. ಎರಡನೆಯದು ಹೆಚ್ಚು ನ್ಯೂಕ್ಲಿಯಾತನವುಳ್ಳದ್ದು. ಮೊದಲನೆಯದರಲ್ಲಿ ಸಿನಿಮಾದ ಪಾರ್ಟಿ ಹಾಡಿನ ಅಚ್ಚು ಅವರ ಒರಟನ್ನು ಸವೆಸಿದೆ. ಮುಂದೆ ಕಿರಿಯ ಸಂಗೀತಗಾರ ರಿತ್ವಿಜ್ ಜೊತೆ ಮಾಡಿದ ಕೃತಿಯ ಹೆಸರು ‘ಬಾರಾತ್’. ಮತ್ತೆ ಮದುವೆಯ ದಿಬ್ಬಣ.

ಅವರ ಹಾಡಿನ ಸಾಮಾನ್ಯ ನಡೆ ಹೀಗಿರುತ್ತದೆ. ಪರಿಚಿತವಾದ ಒಂದು ದನಿ, ಜಾನಪದದ ಸಾಲೋ ಶಹನಾಯಿಯ ಎಳೆಯೋ, ಮೊದಲು ಬರುತ್ತದೆ. ಅದರ ಕೆಳಗೆ ಢೋಲಿನ ಸದ್ದು ದಟ್ಟವಾಗುತ್ತ, ಬಡಿತಗಳು ಒತ್ತೊತ್ತಾಗುತ್ತ ಹೋಗುತ್ತವೆ. ಒಂದು ಕ್ಷಣ ಎಲ್ಲ ನಿಂತು, ‘ಡ್ರಾಪ್’ನಲ್ಲಿ ಬೇಸ್ ಬೀಳುತ್ತದೆ. ಸೂತ್ರ ಡಬ್‌ಸ್ಟೆಪ್‌ನದೇ. ಆದರೆ ನಾಸಿಕ್ ಡೋಲಿನ ತಂಡ ಮೆರವಣಿಗೆಯಲ್ಲಿ ಏರಿಸಿ, ನಿಲ್ಲಿಸಿ, ಮತ್ತೆ ಒಮ್ಮೆಲೇ ಹೊಡೆಯುವ ಪಟ್ಟನ್ನು ಕರಾವಳಿಯಲ್ಲಿ ಕೇಳಿ ಬಲ್ಲ ಕನ್ನಡಿಗರಿಗೆ ಇದು ಆಮದು ಮಾಲು ಎನಿಸದು. ದೂರು ಹೇಳುವವರೂ ಇದ್ದಾರೆ. ಇಡೀ ಭಾರತದ ಜಾನಪದವನ್ನು ಒಂದೇ ಬೇಸ್‌ನ ಮೇಲೆ ಕೂರಿಸಿದರೆ ಪಂಜಾಬು, ತಮಿಳುನಾಡು ಎರಡೂ ಒಂದೇ ಬಣ್ಣವಾಗುತ್ತವೆ ಎಂಬುದು ಆ ದೂರು. ಒಂದರ ಹಿಂದೊಂದು ಆಲ್ಬಮ್ ಕೇಳಿದರೆ ಅದರಲ್ಲಿ ತಕ್ಕಮಟ್ಟಿಗೆ ಹುರುಳಿದೆ ಎನಿಸುತ್ತದೆ.

ಲಾರಿಯ ಮೇಲಿನ ಡಿಜೆ

ಹೆಸರು ಮಾಡಿದವರ ಕೆಳಗೆ ಹೆಸರಿಲ್ಲದವರ ದೊಡ್ಡ ಲೋಕವಿದೆ. ಮದುವೆಯ ‘ವರಘೋಡೊ’ ಮೆರವಣಿಗೆಯ ಮುಂದೆ, ಸೂರತ್ ಮತ್ತು ವಡೋದರದ ಗಣೇಶ ವಿಸರ್ಜನೆಯಲ್ಲಿ, ಬೇಸ್ ಪೆಟ್ಟಿಗೆಗಳನ್ನೂ ಟಾಪ್‌ಗಳನ್ನೂ ಜನರೇಟರನ್ನೂ ಹೇರಿಕೊಂಡ ಲಾರಿ ಸಾಗುತ್ತದೆ. ವಡೋದರದ ಗಣೇಶೋತ್ಸವಕ್ಕೆ ಮರಾಠ ಗಾಯಕವಾಡರ ಆಳ್ವಿಕೆಯ ಹಿನ್ನೆಲೆಯಿದೆ. ಸೂರತ್‌ನಲ್ಲಿ ಜವಳಿ, ವಜ್ರದ ಕೆಲಸಕ್ಕೆ ಬಂದ ಹೊರಗಿನವರ ದೊಡ್ಡ ಜನಸಂಖ್ಯೆ ಪ್ರತಿ ಹಬ್ಬವನ್ನೂ ಹಿಗ್ಗಿಸಿದೆ. ಬೆಳಗಾವಿ, ಹುಬ್ಬಳ್ಳಿಯ ಮೆರವಣಿಗೆ ಕಂಡವರಿಗೆ ಈ ಲಾರಿಯನ್ನು ವಿವರಿಸಬೇಕಿಲ್ಲ.

ಪೂರ್ವ ಮತ್ತು ದಕ್ಷಿಣ ಗುಜರಾತಿನ ಆದಿವಾಸಿ ಸೀಮೆಯಲ್ಲಿ, ದಾಹೋದ್, ಛೋಟಾ ಉದೇಪುರಗಳ ಕಡೆ, ಮದುವೆಗಳಲ್ಲಿ ‘ಟಿಮ್ಲಿ’ ಕುಣಿತವಿದೆ. ಹೆಗಲಿಗೆ ಹೆಗಲು ಕೊಟ್ಟು ಸಾಲಾಗಿ ಕುಣಿಯುವ ಇದರ ವಾದ್ಯಮೇಳದ ಜಾಗಕ್ಕೆ ಈಗ ಕೀಬೋರ್ಡು ಮತ್ತು ಡಿಜೆ ಬಂದಿದ್ದಾರೆ. ಶಹನಾಯಿಯಂತೆ ಕೀರಲು ದನಿಯ ಕೀಬೋರ್ಡಿನ ಎಳೆ, ಅದರಡಿ ಬಿಡುವೇ ಇಲ್ಲದ ವೇಗದ ಬಡಿತ. ಗುಜರಾತಿನಲ್ಲಿ ಯುರೋಪಿನ ಹಾರ್ಡ್ ಡ್ಯಾನ್ಸ್‌ಗೆ ಗುಣದಲ್ಲಿ ನಿಜವಾಗಿ ಹತ್ತಿರವಾದದ್ದು ಯಾವುದು ಎಂದು ಕೇಳಿದರೆ ಉತ್ತರ ನ್ಯೂಕ್ಲಿಯಾ ಅಲ್ಲ, ಟಿಮ್ಲಿ. ರಾಟರ್‌ಡ್ಯಾಮ್‌ನಂತೆ ಇಲ್ಲಿಯೂ ಅದು ದುಡಿಯುವ ಜನರ ಕುಣಿತ, ನಾಜೂಕಿನ ಜನ ಮೂಗು ಮುರಿದ ಕುಣಿತ. ಪತ್ರಿಕೆಗಳ ಸಂಗೀತ ಪುಟಗಳಲ್ಲಿ ಅದಕ್ಕಿನ್ನೂ ಜಾಗ ಸಿಕ್ಕಿಲ್ಲ.

ಸದ್ದಿನ ಕಾನೂನು

2000ದ ಶಬ್ದಮಾಲಿನ್ಯ ನಿಯಮಗಳು ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕವನ್ನು ನಿಷೇಧಿಸುತ್ತವೆ. ಹಬ್ಬಗಳಿಗಾಗಿ ವರ್ಷಕ್ಕೆ 15 ದಿನ ಮೀರದಂತೆ 12 ಗಂಟೆಯವರೆಗೆ ಸಡಿಲಿಸುವ ಅಧಿಕಾರ ರಾಜ್ಯಕ್ಕಿದೆ. ಸುಪ್ರೀಂ ಕೋರ್ಟು 2005ರ ಜುಲೈ ತೀರ್ಪಿನಲ್ಲಿ ಇದನ್ನು ಬಲಪಡಿಸಿತು. ವಸತಿ ಪ್ರದೇಶದ ಮಿತಿ ಹಗಲು 55, ರಾತ್ರಿ 45 ಡೆಸಿಬೆಲ್. ಗುಜರಾತಿನಲ್ಲಿ ಸಡಿಲಿಕೆಯ ಆ ದಿನಗಳ ದೊಡ್ಡ ಪಾಲು ನವರಾತ್ರಿಗೇ ಹೋಗುತ್ತದೆ. ಬಡಿತವನ್ನೇ ನಂಬಿದ ಸಂಗೀತಕ್ಕೆ ಈ ಗಡಿಯಾರ ಕಠಿಣ. ಗಾಯಕನಾದರೆ ಮೈಕು ಬಿಟ್ಟೂ ಹಾಡಿಯಾನು, ಸದ್ದು ತಗ್ಗಿಸಿದ ಡಿಜೆಯ ಬಳಿ ಉಳಿಯುವುದು ಕಡಿಮೆ. ತಳದ ಸ್ವರ ಗೋಡೆಯನ್ನು ಸುಲಭವಾಗಿ ದಾಟುವುದರಿಂದ ನೆರೆಯವರ ದೂರೂ ಮೊದಲು ಬರುವುದು ಬೇಸ್ ಮೇಲೆಯೇ. ಮೆರವಣಿಗೆಯ ಡಿಜೆಗೆ ಪೊಲೀಸರು ಆಗಾಗ ಹೇರುವ ನಿರ್ಬಂಧ ಕರ್ನಾಟಕದಲ್ಲೂ ಹೊಸದಲ್ಲ. ಆಸ್ಪತ್ರೆಯ ಎದುರು ಹಾದುಹೋಗುವ ಲಾರಿಯನ್ನು ಕಂಡವರು ಆ ನಿರ್ಬಂಧವನ್ನು ಕಲೆಯ ಮೇಲಿನ ದಾಳಿ ಎನ್ನಲಾರರು.

ಈಚಿನ ಸ್ಥಿತಿ

2025ರ ಜನವರಿ 25 ಮತ್ತು 26ರಂದು ಕೋಲ್ಡ್‌ಪ್ಲೇ ತಂಡ ಅಹಮದಾಬಾದಿನ ನರೇಂದ್ರ ಮೋದಿ ಕ್ರೀಡಾಂಗಣದಲ್ಲಿ ನುಡಿಸಿದಾಗ ಎರಡೂ ದಿನ ಲಕ್ಷಕ್ಕೂ ಹೆಚ್ಚು ಜನ ಸೇರಿದರು. ಮದ್ಯವಿಲ್ಲದ ರಾಜ್ಯದಲ್ಲಿ ದೊಡ್ಡ ಸಂಗೀತ ಕಾರ್ಯಕ್ರಮ ನಡೆಯದು ಎಂಬ ಆಯೋಜಕರ ಹಳೆಯ ಲೆಕ್ಕ ಅಲ್ಲಿಗೆ ತಪ್ಪಾಯಿತು. ಗರ್ಬಾ ನೋಡಿದ್ದವರು ಆ ಲೆಕ್ಕವನ್ನು ಮೊದಲೂ ನಂಬಿರಲಿಲ್ಲ. ಆದರೆ ಕ್ರೀಡಾಂಗಣ ತುಂಬುವುದು ಬೇರೆ, ಐವತ್ತು ಜನರ ಮುಂದೆ ಹೊಸ ಧ್ವನಿ ಪರೀಕ್ಷಿಸುವ ಜಾಗ ಇರುವುದು ಬೇರೆ. ಎರಡನೆಯದು ಈ ಮೂರೂ ನಗರಗಳಲ್ಲಿ ಇನ್ನೂ ಕಡಿಮೆ. ಪ್ರಯೋಗಕ್ಕೆ ಹೊರಟ ತರುಣ ಪ್ರೊಡ್ಯೂಸರ್ ಮನೆಯ ಕೋಣೆಯಲ್ಲಿ ಹಾಡು ಕಟ್ಟಿ ಇಂಟರ್ನೆಟ್ಟಿಗೆ ಏರಿಸುತ್ತಾನೆ, ನುಡಿಸಲು ಮುಂಬೈ, ಪುಣೆ, ಗೋವಾ, ಬೆಂಗಳೂರಿನ ಬಸ್ಸೋ ವಿಮಾನವೋ ಹತ್ತುತ್ತಾನೆ. ಊರಿನಲ್ಲಿ ಅವನ ಹೊಟ್ಟೆ ಹೊರೆಯುವುದು ನವರಾತ್ರಿಯ ಒಂಬತ್ತು ರಾತ್ರಿ ಮತ್ತು ದೀಪಾವಳಿಯ ನಂತರ ದೇವದಿವಾಳಿಯಿಂದ ಶುರುವಾಗುವ ಮದುವೆಯ ಹಂಗಾಮು.